ವಸಂತಕ್ಕೆ ಮೊದಲು ಸುಣ್ಣ

ಋತುಗಳು ಪ್ರಕೃತಿಯಲ್ಲಿ ಮೊದಲು ಬರುತ್ತವೆ, ಪಂಚಾಂಗದಲ್ಲಿ ಆಮೇಲೆ ಬರುತ್ತವೆ ಎಂದು ನಾನು ಬಹುಕಾಲ ನಂಬಿದ್ದೆ. ಈಚಿನ ದಿನಗಳಲ್ಲಿ ಅವು ಇವೆರಡಕ್ಕೂ ಮೊದಲು ಒಳಾಂಗಣ ವಿನ್ಯಾಸಕಾರರ ಕಚೇರಿಗೆ ಬರುತ್ತವೆಯೆಂದು ತಿಳಿದುಬಂದಿದೆ. ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನ ಅಂಥದೊಂದು ತಂಡದಲ್ಲಿ ಕೆಲಸ ಮಾಡುತ್ತಿರುವುದು ಬಂಧುಗಳಿಗೆಲ್ಲ ಗೊತ್ತು. ಒಂದೊಂದು ಋತುವಿಗೂ ಮುನ್ನ ಅವಳ ತಂಡದವರು ಬಣ್ಣದ ಚೀಟಿ, ಬಟ್ಟೆಯ ತುಣುಕು, ಮರದ ಚೂರು, ಹೂವಿನ ಚಿತ್ರ ಇವನ್ನೆಲ್ಲ ಒಂದು ದೊಡ್ಡ ಹಲಗೆಯ ಮೇಲೆ ಹೊಂದಿಸಿ ಅಂಟಿಸುತ್ತಾರೆ. ಅದಕ್ಕೆ 'ಮೂಡ್ ಬೋರ್ಡ್' ಎಂದು ಹೆಸರು. ಆ ಋತುವಿನಲ್ಲಿ ಅವರು ಅಣಿಗೊಳಿಸುವ ಮನೆಗಳಿಗೆಲ್ಲ ಆ ಹಲಗೆಯೇ ಸ್ಫೂರ್ತಿ.

ಈ ವರ್ಷ ಮಾಘಮಾಸ ಮುಗಿಯುವ ಮುನ್ನ ಊರಿಗೆ ಬಂದವಳು ತನ್ನ ಫೋನಿನಲ್ಲಿ ವಸಂತಾರಂಭದ ಹಲಗೆಯನ್ನು ತೋರಿಸಿದಳು. ಎಳೆಹಸಿರು, ತೆಳುಗುಲಾಬಿ, ಬೆಣ್ಣೆಯ ಹಳದಿ. ಗಾಜಿನ ಹೂದಾನಿಯಲ್ಲಿ ಟ್ಯೂಲಿಪ್ ಹೂಗಳು. ಕುರ್ಚಿಯ ಬೆನ್ನಿಗೆ ಮಡಿಸಿ ಹಾಕಿದ ಉಣ್ಣೆಯ ಹೊದಿಕೆ. ಎಲ್ಲವೂ ನೋಡಲು ಹಿತವಾಗಿಯೇ ಇತ್ತು.

"ತಾತ, ಇದರಲ್ಲಿ ಏನೋ ಕೊರತೆ ಇದೆ ಅನ್ನಿಸುತ್ತಿದೆ. ನಿಮ್ಮ ಕಾಲದಲ್ಲಿ ವಸಂತಕ್ಕೆ ಮನೆಯನ್ನು ಹೇಗೆ ಸಿಂಗರಿಸುತ್ತಿದ್ದಿರಿ?" ಎಂದು ಕೇಳಿದಳು.

"ಸಿಂಗರಿಸುತ್ತಿರಲಿಲ್ಲ ಮಗು, ಸುಣ್ಣ ಬಳಿಯುತ್ತಿದ್ದೆವು" ಎಂದೆ.

ಅವಳ ಹಲಗೆಯ ಬಣ್ಣಗಳಲ್ಲಿ ಸುಳ್ಳೇನೂ ಇರಲಿಲ್ಲ. ಅವು ಬೇರೊಂದು ನಾಡಿನ ನಿಜಗಳಾಗಿದ್ದವು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 6 ಗಂಟೆಗಳಷ್ಟೇ. ಬೆಂಗಳೂರಿನಲ್ಲಿ ಅದೇ ದಿನದ ಹಗಲು 11 ಗಂಟೆಗಳನ್ನು ಮೀರುತ್ತದೆ. ತಿಂಗಳುಗಟ್ಟಲೆ ಕತ್ತಲಲ್ಲಿ ಕುಳಿತವರಿಗೆ ಮಾರ್ಚ್ ತಿಂಗಳು ಬೆಳಕನ್ನು ಮರಳಿ ತರುತ್ತದೆ. ಹಿಮ ಕರಗಿದ ನೆಲದಲ್ಲಿ ಕ್ರೋಕಸ್ ಅರಳುತ್ತದೆ. ಅದರ ಹಿಂದೆ ಡ್ಯಾಫೊಡಿಲ್, ಆಮೇಲೆ ಟ್ಯೂಲಿಪ್. ಅಲ್ಲಿನವರು ದಪ್ಪ ಪರದೆಗಳನ್ನು ಕಳಚಿ, ಕಿಟಕಿಗಳನ್ನು ತೆರೆದು, ಸೂರ್ಯನನ್ನು ಒಳಗೆ ಕರೆಯುತ್ತಾರೆ. ಅವರ ವಸಂತವು ಮನೆಗೆ ಹೇಳುವ ಮಾತು 'ತೆರೆದುಕೋ' ಎಂಬುದು.

ನಮ್ಮ ಬಯಲುಸೀಮೆಯ ವಸಂತವು ಹೇಳುವ ಮಾತು ಬೇರೆ. ಇಲ್ಲಿ ಸೂರ್ಯನನ್ನು ಯಾರೂ ಕರೆಯಬೇಕಾಗಿಲ್ಲ. ಶಿವರಾತ್ರಿ ಕಳೆಯಿತೆಂದರೆ ಕರೆಯದೆಯೇ ಪಡಸಾಲೆಯವರೆಗೂ ಬಂದು ಕೂರುತ್ತಾನೆ. ಆದುದರಿಂದ ಫಾಲ್ಗುಣದಲ್ಲಿ ನಮ್ಮ ಹಿರಿಯರು ಮನೆಯನ್ನು ಮುಂದಿನ ಮೂರು ತಿಂಗಳ ಬಿಸಿಲಿಗೆ ಸಿದ್ಧಪಡಿಸುತ್ತಿದ್ದರು. ಆ ಸಿದ್ಧತೆಗೆ ಯುಗಾದಿಯು ಗಡುವಾಗಿತ್ತು.

ಬಣ್ಣಗಳನ್ನು ಕೇಳಿದ್ದಳಲ್ಲವೆ? ಅವಳನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ನಡೆದೆ. ಎಲೆ ಉದುರಿಸಿ ನಿಂತ ಮುತ್ತುಗದ ಕೊಂಬೆಗಳಲ್ಲಿ ಕೆಂಡದ ಬಣ್ಣದ ಹೂಗಳಿದ್ದವು. ಅದರಾಚೆಗೆ ಬೂರುಗದ ಕೆಂಪು. ಅರಳಿಮರದ ಚಿಗುರು ತಾಮ್ರದಂತೆ ಹೊಳೆಯುತ್ತಿತ್ತು. ಮಾವಿನ ಚಿಗುರಿನಲ್ಲಿ ಅದೇ ತಾಮ್ರಕ್ಕೆ ತುಸು ಗುಲಾಬಿ ಬೆರೆತಿತ್ತು. ಇನ್ನೂ ಎಳೆಯದಾದ ಎಲೆಯಲ್ಲಿ ಹಸಿರು ವರ್ಣದ್ರವ್ಯ ತುಂಬುವ ಮೊದಲು ಆಂಥೊಸಯನಿನ್ ಎಂಬ ಕೆಂಪು ದ್ರವ್ಯ ಇರುತ್ತದೆ, ಅದು ಎಳೆ ಎಲೆಯನ್ನು ಕಡುಬಿಸಿಲಿನಿಂದ ಕಾಪಾಡಲು ನೆರವಾಗುತ್ತದೆ ಎಂದು ವಿವರಿಸಿದೆ. ಪಾಠ ಹೇಳುವ ಚಾಳಿ ನಿವೃತ್ತಿಯೊಡನೆ ಹೋಗುವಂಥದಲ್ಲ. ಹಸಿರು ಎಲ್ಲಿ ತಾತ ಎಂದಳು. ಹೊಂಗೆಯನ್ನು ತೋರಿಸಿ, ಇನ್ನು ಹದಿನೈದು ದಿನ ತಾಳು ಎಂದೆ. ಉಳಿದಂತೆ ಎಲ್ಲೆಲ್ಲೂ ಧೂಳಿನ ಬೂದು, ಬಣವೆಯ ಹುಲ್ಲಿನ ಹೊಂಬಣ್ಣ, ಊರ ಕಡೆ ತಿರುಗಿದರೆ ಹಳೆಯ ಗೋಡೆಗಳ ಬಿಳುಪು. ಅವಳು ಎಲ್ಲದರ ಚಿತ್ರ ತೆಗೆದುಕೊಂಡಳು.

ಆ ಬಿಳುಪಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ತಾನು ಕಳೆದುಕೊಂಡಿದ್ದ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹಿಂದಕ್ಕೆ ಪಡೆದು ಪುನಃ ಕಲ್ಲಾಗುತ್ತದೆ. ಹೀಗೆ ವರ್ಷಕ್ಕೊಮ್ಮೆ ನಮ್ಮ ಮಣ್ಣಿನ ಗೋಡೆಗಳು ತೆಳುವಾದ ಕಲ್ಲಿನ ಅಂಗಿಯೊಂದನ್ನು ತೊಡುತ್ತಿದ್ದವು. ಬಿಳಿಯಾದ್ದರಿಂದ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಅಟ್ಟುತ್ತಿತ್ತು. ಕ್ಷಾರಗುಣದಿಂದ ಬೂಷ್ಟನ್ನೂ ಹುಳುಹುಪ್ಪಟೆಯನ್ನೂ ದೂರವಿಡುತ್ತಿತ್ತು. ಗೋಡೆಯ ತೇವವು ಹೊರಗೆ ಆರಿಹೋಗಲು ದಾರಿ ಬಿಡುತ್ತಿತ್ತು. ಗೋಡೆಯ ಬುಡಕ್ಕೆ ಮೊಳದಗಲದ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದುದು ಅಂದಕ್ಕೂ ಹೌದು, ಮಳೆಗಾಲದಲ್ಲಿ ಸಿಡಿಯುವ ಕೆಸರಿನ ಕಲೆ ಕಾಣದಿರಲೆಂದೂ ಹೌದು. ಬಿಳುಪು ಕಣ್ಣಿಗೆ ಇನ್ನೂ ಬೆಳ್ಳಗೆ ಕಾಣಲೆಂದು ಚಿಟಿಕೆ ನೀಲಿ, ಕೈಗೆ ಮೆತ್ತಿಕೊಳ್ಳದಿರಲೆಂದು ಅಕ್ಕಿಯ ಗಂಜಿ.

ಇದು ಹಳೆಯ ಕಾಲದ ಹಂಬಲವಷ್ಟೇ ಎಂದು ಭಾವಿಸಬೇಡಿ. ಅಹಮದಾಬಾದ್ ನಗರವು 2017ರಲ್ಲಿ ಬಡವರ ಮನೆಗಳ ಚಾವಣಿಗಳಿಗೆ ಬಿಳಿ ಸುಣ್ಣ ಬಳಿಸುವ ಕಾರ್ಯವನ್ನು ಕೈಗೊಂಡಿತು. ತೆಲಂಗಾಣ ಸರ್ಕಾರವು 2023ರಲ್ಲಿ ತಂಪು ಚಾವಣಿಗಳಿಗಾಗಿಯೇ ನೀತಿಯೊಂದನ್ನು ರೂಪಿಸಿತು. ನಮ್ಮ ಅಜ್ಜಿಯರು ನೀತಿಯನ್ನು ಬರೆದಿರಲಿಲ್ಲ, ಕೆಲಸವನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಇಷ್ಟು ಕೇಳಿದ ಹುಡುಗಿ ಹಿಗ್ಗಿದಳು. ಈಗ ಬೆಂಗಳೂರಿನಲ್ಲಿ 'ಲೈಮ್ ವಾಶ್' ಗೋಡೆಗಳಿಗೆ ಬಹಳ ಬೇಡಿಕೆಯಂತೆ. ಡಬ್ಬಿಯಲ್ಲಿ ಬರುತ್ತದಂತೆ, ಬೆಲೆಯೂ ಹೆಚ್ಚಂತೆ. "ನಿಜವಾದ ಸುಣ್ಣ ಬಳಿಯುವವರು ಯಾರಾದರೂ ಇದ್ದಾರೆಯೇ?" ಎಂದಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಅವಳನ್ನು ಕರೆದುಕೊಂಡು ಹೋದೆ.

ಅವನ ಹೆಸರನ್ನು ಬರೆಯುವುದಿಲ್ಲ. 1984ರಲ್ಲಿ ಎಸ್ಸೆಸ್ಸೆಲ್ಸಿ ಓದಿದವರಿಗೆ ಯಾರೆಂದು ತಾನಾಗಿ ತಿಳಿದೀತು. ಅವನ ತಂದೆ ಸುಣ್ಣ ಸುಡುವವರು, ಬಳಿಯುವವರು. ಫಾಲ್ಗುಣ ಬಂತೆಂದರೆ ಊರಿನ ಮನೆಗಳಿಗೆಲ್ಲ ಸುಣ್ಣದ ಸುಗ್ಗಿ. ಶಾಲೆಯಲ್ಲಿ ಪರೀಕ್ಷೆಯ ಸುಗ್ಗಿಯೂ ಆಗಲೇ. ಹಾಜರಿ ಪುಸ್ತಕದಲ್ಲಿ ಆ ತಿಂಗಳು ಅವನ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳೇ ಹೆಚ್ಚು. ಎಂಟನೆಯ ತರಗತಿಯಲ್ಲೊಮ್ಮೆ ನಾನು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸುತ್ತಿದ್ದೆ. ಆ ದಿನ ಬಂದಿದ್ದ ಅವನು ಎದ್ದು ನಿಂತು, "ಹಾಗಾದರೆ ಗೋಡೆಯೂ ನಮ್ಮ ಉಸಿರು ಕುಡಿಯುತ್ತದಾ ಸಾರ್?" ಎಂದು ಕೇಳಿದ. ನನ್ನ ಮೂವತ್ತನಾಲ್ಕು ವರ್ಷಗಳ ಅಧ್ಯಾಪನದಲ್ಲಿ ಅಂಥ ಪ್ರಶ್ನೆಗಳನ್ನು ಕೇಳಿದವರು ಬೆರಳೆಣಿಕೆಯಷ್ಟು. ಹತ್ತನೆಯ ತರಗತಿಯ ವರ್ಷ ಅವನು ಹಗಲು ಸುಣ್ಣ ಬಳಿದು ಸಂಜೆ ನಮ್ಮ ಮನೆಯ ಜಗಲಿಗೆ ಬರುತ್ತಿದ್ದ. ಬೆರಳ ತುದಿಗಳು ಬಿರಿದಿರುತ್ತಿದ್ದುದರಿಂದ ಲೇಖನಿಯನ್ನು ಹಿಡಿಯಲು ಕಷ್ಟ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದ. ಪುಟಗಳ ಮೇಲೆಲ್ಲ ಎಣ್ಣೆಯ ಕಲೆ. ಆ ವರ್ಷ ತೇರ್ಗಡೆಯಾದ.

ಈಗ ತಾಲ್ಲೂಕು ಕೇಂದ್ರದಲ್ಲಿ ಅವನದು ದೊಡ್ಡ ಬಣ್ಣದ ಅಂಗಡಿ. ಎಮಲ್ಷನ್ ಡಬ್ಬಗಳ ಸಾಲು, ಬಣ್ಣ ಬೆರೆಸುವ ಯಂತ್ರ, ಎಲ್ಲವೂ ಇವೆ. ಸುಣ್ಣ ಮಾತ್ರ ಇಲ್ಲ. ಹುಡುಗಿ ತನ್ನ ಆಸೆಯನ್ನು ಹೇಳಿದಳು. ಅವನು ಸುಮ್ಮನೆ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಸಾರ್, ಸುಣ್ಣದ ಬಿಳುಪು ನೋಡುವವರಿಗೆ ಚಂದ. ಅದನ್ನು ಕಲಸಿದ ಕೈಯನ್ನು ನಾನು ನೋಡಿದ್ದೇನೆ" ಎಂದ.

ಅವನ ತಂದೆಯ ಬಲಗಣ್ಣು ಹೋದದ್ದು ಸುಣ್ಣ ಅರಳಿಸುವಾಗ. ಕುದಿಯುವ ಗುಡಾಣದಿಂದ ಸಿಡಿದ ಒಂದು ಹನಿ ಸಾಕಾಯಿತು. ಸುಣ್ಣ ಕಣ್ಣಿಗೆ ಬಿದ್ದ ಕ್ಷಣದಲ್ಲೇ ಧಾರಾಳವಾಗಿ ನೀರು ಹೊಯ್ದು ಬಹಳ ಹೊತ್ತು ತೊಳೆಯುತ್ತಲೇ ಇರಬೇಕು, ತೊಳೆಯುತ್ತಲೇ ವೈದ್ಯರಲ್ಲಿಗೆ ಒಯ್ಯಬೇಕು. ಅಲ್ಲಿದ್ದವರು ಬಟ್ಟೆಯಿಂದ ಒರೆಸಿದರಂತೆ. "ಯುಗಾದಿಗೆ ಊರೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು ಸಾರ್. ಅಪ್ಪ ಒಂದೇ ಕಣ್ಣಿನಲ್ಲಿ ನೋಡಿದರು. ಅದಕ್ಕೇ ನಾನು ಸುಣ್ಣ ಇಡುವುದಿಲ್ಲ."

ಹುಡುಗಿಯ ಮುಖ ಬಾಡಿತು. ನಾನೂ ಮಾತನಾಡಲಿಲ್ಲ. ಇಷ್ಟು ಹೊತ್ತು ಕೆರೆಯ ಏರಿಯ ಮೇಲೆ ನಾನು ಬಣ್ಣಿಸಿದ ಬಿಳುಪಿನ ಸುಖವೆಲ್ಲ ಒಳಗೆ ಕುಳಿತವರ ಪಾಲಿನದು. ಏಣಿಯ ಮೇಲೆ ನಿಂತವರ ಲೆಕ್ಕವೇ ಬೇರೆ. ಅಂಗಡಿಯ ಹುಡುಗ ಕಾಫಿ ತಂದಿಟ್ಟ. ಕಾಫಿ ಮುಗಿಯುವ ವೇಳೆಗೆ ಅವನ ಮನಸ್ಸು ಏಕೆ ಕರಗಿತೋ, ಬಿಲ್ಲಿನ ಹಿಂಬದಿಯಲ್ಲಿ ಅವಳಿಗೆ ಬರೆದುಕೊಡತೊಡಗಿದ. ಅರಳಿಸಿದ ಸುಣ್ಣವನ್ನು ನೀರಿನಡಿಯಲ್ಲಿ ಕೆಲವು ವಾರವಾದರೂ ಬಿಡಬೇಕು. ಬಟ್ಟೆಯಲ್ಲಿ ಸೋಸಬೇಕು. ಹಾಲಿನ ಹದಕ್ಕೆ ತೆಳುಮಾಡಬೇಕು. ಗೋಡೆಯನ್ನು ಮೊದಲು ನೀರಿನಿಂದ ನೆನೆಸಬೇಕು. ಒಂದು ದಪ್ಪ ಬಳಿತಕ್ಕಿಂತ ಮೂರು ತೆಳು ಬಳಿತ ಮೇಲು. ಪುಟ್ಟಿ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದ ಫ್ಲ್ಯಾಟ್ ಗೋಡೆಗೆ ಇದು ಹಿಡಿಯುವುದಿಲ್ಲ, ಅಲ್ಲಿ ಪ್ರಯತ್ನವನ್ನೇ ಮಾಡಬಾರದು. ಎಲ್ಲಕ್ಕೂ ಮೇಲೆ, ಮೊದಲನೆಯ ಸಾಲಾಗಿ ಅವನು ಬರೆದು ಅಡಿಗೆರೆ ಎಳೆದದ್ದು: 'ಕನ್ನಡಕ, ಕೈಗವಸು. ಇವಿಲ್ಲದೆ ಕೆಲಸ ಬೇಡ.'

ತಂಡದವರು ಆ ಚೀಟಿಯ ಪ್ರಕಾರ ಮೊದಲು ಕೈಹಾಕಿದ್ದು ನನ್ನ ತಂಗಿಯ ಹಳೆಯ ಮನೆಯ ಪಡಸಾಲೆಗೆ. ಕೆಲವು ವರ್ಷಗಳ ಹಿಂದೆ ಆ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರು. ಒಳಗಿನ ತೇವಕ್ಕೆ ದಾರಿಯಿಲ್ಲದೆ ಅದು ಹಪ್ಪಳದಂತೆ ಎದ್ದು ಉದುರುತ್ತಿತ್ತು. ಅದನ್ನೆಲ್ಲ ಕೆರೆದು, ಗೋಡೆಯನ್ನು ಆರಲು ಬಿಟ್ಟು, ಇಬ್ಬರು ಕೆಲಸಗಾರರು ಕನ್ನಡಕ ತೊಟ್ಟು ಮೂರು ಬಳಿತ ಬಳಿದರು. ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಮೂರನೆಯ ದಿನ ನನ್ನ ಶಿಷ್ಯ ತಾನಾಗಿಯೇ ಬಂದ. ಬಹಳ ಹೊತ್ತು ನೋಡುತ್ತಾ ನಿಂತಿದ್ದು, ಒಬ್ಬನ ಕೈಯಿಂದ ಕುಂಚವನ್ನು ತೆಗೆದುಕೊಂಡು, ದೇವರಮನೆಯ ಬಾಗಿಲ ಪಕ್ಕದ ಮೂಲೆಯೊಂದನ್ನು ತಾನೇ ಮುಗಿಸಿದ. ನಾನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ.

ಬೆಂಗಳೂರಿನ ಹಲಗೆಯೂ ಬದಲಾಗಿದೆಯಂತೆ. ಟ್ಯೂಲಿಪ್ ಇದ್ದಲ್ಲಿ ಮುತ್ತುಗ ಬಂದಿದೆ. ಬಣ್ಣದ ಚೀಟಿಗಳ ಕೆಳಗೆ ಅವಳು ಕನ್ನಡದಲ್ಲಿಯೇ ಹೆಸರು ಬರೆದಿದ್ದಾಳೆ: ಅರಳಿಯ ಚಿಗುರು, ಬಣವೆಯ ಹುಲ್ಲು, ಕೆಮ್ಮಣ್ಣು, ಸುಣ್ಣ. ಹಲಗೆಯ ಕೆಳಗಿನ ಮೂಲೆಯಲ್ಲಿ ನಾರಿನ ಕುಂಚವೊಂದನ್ನೂ ಕೆಲಸಗಾರರ ಕನ್ನಡಕವೊಂದನ್ನೂ ತೂಗುಹಾಕಿದ್ದಾಳೆ. ಇದೆಂಥ ಸ್ಫೂರ್ತಿ ಎಂದು ಜೊತೆಯವರೊಬ್ಬರು ಆಕ್ಷೇಪಿಸಿದರಂತೆ. ತೆಗೆಯಲು ಅವಳು ಒಪ್ಪಲಿಲ್ಲ.

ಇನ್ನು ನಿಮ್ಮ ಮನೆಗಳ ಮಾತು. ನಿಮ್ಮಲ್ಲಿ ಹಲವರ ಊರಿನ ಮನೆಗಳು ಇನ್ನೂ ನಿಂತಿವೆ. ಮಣ್ಣಿನ ಗೋಡೆಯಾಗಿದ್ದರೆ, ಗಾರೆಯ ಗೋಡೆಯಾಗಿದ್ದರೆ, ಅದಕ್ಕೆ ಎಮಲ್ಷನ್ ಬಳಿಸುವ ಮುನ್ನ ಎರಡು ಬಾರಿ ಯೋಚಿಸಿ. ಸುಣ್ಣವೇ ಆಗಲಿ, ಬೇರೆ ಬಣ್ಣವೇ ಆಗಲಿ, ಬಳಿಯಲು ಬಂದವರಿಗೆ ಕನ್ನಡಕ ಕೈಗವಸುಗಳನ್ನು ನೀವೇ ತಂದುಕೊಡಿ; ಬಕೆಟ್ಟಿನಲ್ಲಿ ಶುದ್ಧವಾದ ನೀರು ಸದಾ ಹತ್ತಿರವಿರಲಿ. ಮತ್ತು ಕೆಲಸಕ್ಕೆ ಬಂದವರ ಜೊತೆಯಲ್ಲಿ ಹುಡುಗನೋ ಹುಡುಗಿಯೋ ಏಣಿ ಹಿಡಿದು ನಿಂತಿದ್ದರೆ, ಈ ವರ್ಷ ಯಾವ ತರಗತಿ, ಪರೀಕ್ಷೆ ಯಾವಾಗ ಎಂದು ಒಮ್ಮೆ ಕೇಳಿ.