ಚಿಗುರಿಗೊಂದು ಚಾದರ

ಮಕ್ಕಳು ಪರದೇಶದಲ್ಲಿ ನೆಲೆಸಿದ ಮೇಲೆ ನಮ್ಮ ಸಮಾಜದ ಅನೇಕ ಹಿರಿಯರು ಅಮೆರಿಕೆಗೆ ಹೋಗಿ ಬರುವುದು ಈಗ ಸಾಮಾನ್ಯವಾಗಿದೆ. ಹೋಗಿ ಬಂದವರು ಅಲ್ಲಿಯ ರಸ್ತೆ, ಅಂಗಡಿ, ಬಸದಿಗಳ ಸುದ್ದಿ ಹೇಳುತ್ತಾರೆ. ನಾವು ದಂಪತಿಗಳು ಶಿಕಾಗೋ ಸಮೀಪದ ಒಂದು ಊರಿನಲ್ಲಿ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆವು. ನಮಗೆ ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದ್ದು ಮಾತ್ರ ಒಂದು ಗಿಡದ ವಿಷಯ.

ಸೋಲಾಪುರದಲ್ಲಿ ಯುಗಾದಿಗೆ ಬೇವು ಚಿಗುರಿ ಹೂ ಬಿಡುವ ಹೊತ್ತಿಗೆ ಬಿಸಿಲು ನೆತ್ತಿ ಸುಡಲು ಶುರುವಾಗುತ್ತದೆ. ನಮ್ಮ ಕಡೆ ಚಿಗುರಿಗೆ ಭಯವೆಂದರೆ ಬಿಸಿಲಿನದು, ನೀರಿಲ್ಲದ್ದರದು. ಚಿಗುರು ಚಳಿಗೆ ಸಾಯುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡದ್ದು ಅಲ್ಲಿಯೇ. ಮಾರ್ಚ್ ಕೊನೆಗೆ ನಾವು ಹೋದಾಗ ಮರಗಳೆಲ್ಲ ಬೋಳಾಗಿದ್ದವು. ಮನೆಯ ಉತ್ತರದ ಗೋಡೆಯ ಪಕ್ಕದ ಪಾತಿಯಲ್ಲಿ ಬರಿ ಒಣ ಎಲೆಯ ಹೊದಿಕೆ. ಏಪ್ರಿಲ್ ನಡುವಿಗೆ ಆ ಹೊದಿಕೆಯನ್ನು ಸೀಳಿಕೊಂಡು ಬೆರಳುದ್ದದ ಚೂಪು ಮೊಳಕೆಗಳು ಎದ್ದವು. ಕೆಲವು ನೇರಳೆ ಬಣ್ಣದವು, ಕೆಲವು ತಿಳಿ ಹಸಿರಿನವು. ಬಾಳೆಯ ಸುಳಿಯಂತೆ ಎಲೆಗಳು ಒಂದರೊಳಗೊಂದು ಬಿಗಿಯಾಗಿ ಸುತ್ತಿಕೊಂಡಿದ್ದವು. ಒಂದೊಂದು ಬುಡದಲ್ಲಿ ಹತ್ತು, ಹದಿನೈದು. ಇದರ ಹೆಸರು ಹೋಸ್ಟಾ.

ಹೋಸ್ಟಾದ ತವರು ಜಪಾನ್, ಕೊರಿಯಾ ಮತ್ತು ಚೀನಾ. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ನಿಕೋಲಸ್ ಥಾಮಸ್ ಹೋಸ್ಟ್ ಅವರ ಗೌರವಾರ್ಥ 1812ರಲ್ಲಿ ಈ ಹೆಸರು ಬಂತು. ಜಪಾನಿನ ಅನೇಕ ಬಗೆಗಳನ್ನು ಯುರೋಪಿಗೆ ತಂದವರು ಸೀಬೋಲ್ಡ್ ಎಂಬ ಜರ್ಮನ್ ವೈದ್ಯರು. ಜಪಾನೀಯರು ಇದನ್ನು ಗಿಬೋಶಿ ಎನ್ನುತ್ತಾರೆ. ಸೇತುವೆಯ ಕಂಬದ ತುದಿಗೆ ಕೂಡಿಸುವ ಕಳಶಕ್ಕೂ ಅದೇ ಹೆಸರು. ಹೂವಿನ ಮೊಗ್ಗು ಹಾಗೆ ಕಾಣುತ್ತದಂತೆ. ಗಿಡ ಶತಾವರಿಯ ಕುಟುಂಬಕ್ಕೆ ಸೇರಿದ್ದು. ನೆರಳಿನಲ್ಲಿ ಬೆಳೆಯುತ್ತದೆ. ಅರಳಿದಾಗ ಎಲೆ ನಮ್ಮ ಕೆಸುವಿನ ಎಲೆಯನ್ನು ನೆನಪಿಗೆ ತರುತ್ತದೆ. ಚಳಿಗಾಲ ಬಂದರೆ ಮೇಲಿನದೆಲ್ಲ ಕರಗಿ ಹೋಗಿ ಬುಡ ಮಾತ್ರ ನೆಲದಲ್ಲಿ ಮಲಗಿರುತ್ತದೆ.

ಮಗನ ಮನೆಯ ಹೋಸ್ಟಾಗಳು ಪೇಟೆಯಿಂದ ತಂದವಲ್ಲ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ವಿಧವೆ ಇದ್ದರು. ಅವರ ತಾಯಿ ನೆಟ್ಟ ಗಿಡದ ಬುಡವನ್ನು ಒಡೆದು ಮದುವೆಯಾದಾಗ ತಂದು ಹಾಕಿಕೊಂಡಿದ್ದರಂತೆ. ಹಿಂದಿನ ವರ್ಷ ಕಾಲು ನಡೆಯದಂತಾಗಿ ಮನೆ ಮಾರಿ ವೃದ್ಧಾಶ್ರಮ ಸೇರಬೇಕಾಯಿತು. ಮನೆ ಕೊಂಡವರು ಅಂಗಳಕ್ಕೆ ಕಲ್ಲು ಹಾಸುವವರಿದ್ದರು. ಆಗ ಆ ತಾಯಿ ನಮ್ಮ ಸೊಸೆಯನ್ನು ಕರೆದು ಹದಿನಾಲ್ಕು ಬುಡಗಳನ್ನು ಕೀಳಿಸಿ ಕೊಟ್ಟರು. ಹಣ ಕೇಳಲಿಲ್ಲ. ‘ವಸಂತದಲ್ಲಿ ಎದ್ದರೆ ನನಗೊಂದು ಫೋನು ಮಾಡು’ ಎಂದಷ್ಟೇ ಹೇಳಿದರಂತೆ. ಹೀಗಾಗಿ ಆ ಮೊಳಕೆಗಳು ನಮ್ಮ ಸೊಸೆಗೆ ಯಾರೋ ನಂಬಿ ಇಟ್ಟ ಠೇವಣಿಯಂತಿದ್ದವು. ವ್ಯಾಪಾರಸ್ಥರ ಮನೆಗೆ ಬಂದ ಹುಡುಗಿ. ಠೇವಣಿಯ ಭಾರ ಆಕೆಗೆ ಗೊತ್ತು.

ಹೋಸ್ಟಾದ ಬುಡಕ್ಕೆ ಚಳಿಯ ಹೆದರಿಕೆಯಿಲ್ಲ. ನೆಲವೇ ಹೆಪ್ಪುಗಟ್ಟಿದರೂ ಬದುಕುತ್ತದೆ. ಅಷ್ಟೇ ಅಲ್ಲ, ಕೆಲವು ವಾರಗಳ ಗಟ್ಟಿ ಚಳಿ ಬೀಳದಿದ್ದರೆ ಸರಿಯಾಗಿ ಚಿಗುರುವುದೇ ಇಲ್ಲ. ನಮ್ಮ ಮನೆಯವರು ಒಂದು ತುಂಡು ಸೋಲಾಪುರಕ್ಕೆ ಒಯ್ಯೋಣವೆಂದಾಗ ಸೊಸೆ ನಕ್ಕು ಇದೇ ಮಾತು ಹೇಳಿದಳು. ಆದರೆ ಹೊಸ ಎಲೆಯ ಸ್ಥಿತಿ ಬೇರೆ. ಅದು ನೀರು ತುಂಬಿದ ಎಳೆಯ ವಸ್ತು. ಒಳಗಿನ ನೀರು ಮಂಜುಗಡ್ಡೆಯಾದರೆ ಎಲೆಯ ಕಣಗಳು ಒಡೆಯುತ್ತವೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಬೇಯಿಸಿದ ಸೊಪ್ಪಿನಂತೆ ಜೋತು ಬೀಳುತ್ತದೆ, ಎರಡು ದಿನದಲ್ಲಿ ಕಂದಾಗುತ್ತದೆ. ಬಿಗಿಯಾಗಿ ಸುತ್ತಿಕೊಂಡಿರುವ ಮೊಳಕೆ ಸಣ್ಣ ಫ್ರಾಸ್ಟನ್ನು ತಡೆದುಕೊಳ್ಳುತ್ತದೆ. ಬಿಚ್ಚಿಕೊಂಡ ಎಲೆಗೆ ಆ ಶಕ್ತಿಯಿಲ್ಲ.

ಕಷ್ಟವೆಂದರೆ ಆ ದೇಶದ ವಸಂತ ಮಾತಿಗೆ ನಿಲ್ಲುವುದಿಲ್ಲ. ನಾಲ್ಕು ದಿನ ಬೆಚ್ಚಗೆ ಬೀಸಿ ಗಿಡವನ್ನು ಹೊರಗೆ ಕರೆಯುತ್ತದೆ, ಐದನೆಯ ರಾತ್ರಿ ಕೈ ಕೊಡುತ್ತದೆ. 2007ರಲ್ಲಿ ಮಾರ್ಚ್ ತಿಂಗಳು ಬೆಚ್ಚಗಿದ್ದು ಗಿಡಗಳೆಲ್ಲ ಬೇಗ ಚಿಗುರಿದವು. ಏಪ್ರಿಲ್ ಮೊದಲ ಹತ್ತು ದಿನಗಳಲ್ಲಿ ಬಿದ್ದ ಚಳಿಗೆ ಗೋಧಿ, ಪೀಚ್, ಸೇಬು ಎಲ್ಲಕ್ಕೂ ಪೆಟ್ಟು ಬಿತ್ತು. 2012ರಲ್ಲಿಯೂ ಹಾಗೆಯೇ ಆಗಿ ಮಿಶಿಗನ್ ರಾಜ್ಯದ ಸೇಬು, ಚೆರ್ರಿ ಬೆಳೆ ಬಹುಪಾಲು ಹೋಯಿತು. ಇದನ್ನು ಕೇಳಿ ನಮಗೆ 2014ರ ಆಲಿಕಲ್ಲಿನ ಮಳೆ ನೆನಪಾಯಿತು. ಫೆಬ್ರುವರಿ ಕೊನೆಗೆ ಶುರುವಾಗಿ ಮಾರ್ಚಿನವರೆಗೆ ಮಹಾರಾಷ್ಟ್ರದ ದ್ರಾಕ್ಷಿ, ದಾಳಿಂಬೆ, ಜೋಳವನ್ನು ನೆಲಕ್ಕೆ ಕೆಡವಿದ ಮಳೆ ಅದು. ಒಣದ್ರಾಕ್ಷಿಯ ವ್ಯಾಪಾರ ಮಾಡುವ ನಮ್ಮಂಥವರು ಅದನ್ನು ಮರೆಯುವಂತಿಲ್ಲ.

ಅಲ್ಲಿಯ ತೋಟದ ಮಂದಿ ಮೇ ತಿಂಗಳ ಎರಡನೆಯ ಭಾನುವಾರ ದಾಟುವವರೆಗೆ ಚಳಿಯನ್ನು ನಂಬುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯೇ ಹೆಚ್ಚು ಅಪಾಯದ್ದು. ಮೋಡವಿದ್ದರೆ ನೆಲದ ಕಾವಿಗೆ ಅದೇ ಹೊದಿಕೆ. ಆಕಾಶ ತಿಳಿಯಾಗಿದ್ದರೆ ಕಾವೆಲ್ಲ ಮೇಲೆ ಹಾರಿ ಹೋಗುತ್ತದೆ. ಹವಾಮಾನದವರು ಹೇಳುವ ಅಂಕಿ ಆಳೆತ್ತರದ ಗಾಳಿಯದು. ನೆಲದ ಮೇಲೆ ಅದಕ್ಕಿಂತ ತಣ್ಣಗಿರುತ್ತದೆ. ಆದ್ದರಿಂದ ಅವರು 36 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 2 ಡಿಗ್ರಿ ಎಂದರೂ ಎಚ್ಚರವಾಗಿರಬೇಕು.

ಏಪ್ರಿಲ್ ಕೊನೆಯ ವಾರ, ಅರ್ಧಕ್ಕರ್ಧ ಗಿಡಗಳು ಎಲೆ ಬಿಚ್ಚಿದ್ದಾಗ, ಅಂಥದೊಂದು ಸಂಜೆ ಬಂತು.

“ಮಾವಾರ, ಇವತ್ತ ರಾತ್ರಿ ಇಪ್ಪತ್ತೊಂಬತ್ತಕ್ಕ ಇಳಿತೈತಂತ” ಎಂದು ಸೊಸೆ ಫೋನು ನೋಡಿ ಹೇಳಿದಳು. ಶೂನ್ಯಕ್ಕಿಂತ ಸುಮಾರು ಎರಡು ಡಿಗ್ರಿ ಕೆಳಗೆ. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿದ್ದವರು ನಾವಿಬ್ಬರು, ಸೊಸೆ ಮತ್ತು ಏಳು ವರ್ಷದ ಮೊಮ್ಮಗಳು.

ಮಧ್ಯಾಹ್ನವೇ ಪಾತಿಗೆ ನೀರು ಹಾಯಿಸಿದ್ದೆವು. ಒದ್ದೆ ಮಣ್ಣು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಹೊದಿಸುವ ಕೆಲಸ ಸೂರ್ಯ ಮುಳುಗುವ ಮೊದಲೇ ಆಗಬೇಕು, ಆ ಕಾವು ಹೊದಿಕೆಯ ಕೆಳಗೆ ಉಳಿಯಬೇಕಲ್ಲ. ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ನಮ್ಮಂಥ ಮನೆಗೆ ಈ ಲೆಕ್ಕ ಹೊಸದಲ್ಲ. ಬೇಗ ಉಂಡು ಎಲ್ಲರೂ ಅಂಗಳಕ್ಕೆ ಇಳಿದೆವು. ಸಣ್ಣ ಗಿಡಗಳಿಗೆ ಬಕೆಟ್ಟು, ಖಾಲಿ ಕುಂಡ, ರಟ್ಟಿನ ಪೆಟ್ಟಿಗೆ ಬೋರಲು ಹಾಕಿದೆವು. ಪ್ಲಾಸ್ಟಿಕ್ ಹಾಳೆ ಎಲೆಗೆ ತಗಲಿದರೆ ಅಲ್ಲೇ ಚಳಿ ಹೊಡೆಯುತ್ತದೆಂದು ಸೊಸೆ ಅದನ್ನು ಮುಟ್ಟಲಿಲ್ಲ. ಹಳೆಯ ಹಾಸಿಗೆ ಬಟ್ಟೆಗಳು ಐದು ಗಿಡಗಳಿಗೆ ಸಾಕಾದವು. ಉಳಿದದ್ದು ದೊಡ್ಡ ಎಲೆಯ ಮೂರು ಬುಡ.

ಆಗ ನಮ್ಮ ಮನೆಯವರು ಒಳಗೆ ಹೋಗಿ ನಾವು ಉಡುಗೊರೆಗೆಂದು ಒಯ್ದಿದ್ದ ಎರಡು ಸೋಲಾಪುರಿ ಚಾದರಗಳನ್ನು ತಂದರು. ಸೊಸೆಗೆ ಮನಸ್ಸಾಗಲಿಲ್ಲ.

“ಅತ್ತೀ, ಬ್ಯಾಡ್ರಿ, ಹೊಸಾ ಚಾದರ ಹೊಲಸಾಗ್ತಾವ.”

“ಹೊಲಸಾದ್ರ ಒಗದ್ರಾತು. ಆ ಹಿರ್ಯಾಕಿ ಗಿಡ ಹ್ವಾದ್ರ ಮತ್ತ ಬರ್ತೈತೇನ?”

ಚಾದರ ಭಾರ, ನೇರ ಹೊದಿಸಿದರೆ ಎಲೆ ಮುರಿಯುತ್ತದೆ. ಮೊಮ್ಮಗಳ ಪುಟ್ಟ ಕುರ್ಚಿಗಳನ್ನು ಗಿಡದ ಸುತ್ತ ಇಟ್ಟು ಅವುಗಳ ಮೇಲೆ ಡೇರೆಯಂತೆ ಹಾಸಿ, ಅಂಚು ನೆಲಕ್ಕೆ ಮುಟ್ಟಿಸಿ ಕಲ್ಲು ಹೇರಿದೆವು.

ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿತ್ತು. ಚಾದರದ ಮೇಲ್ಮೈ ಹಪ್ಪಳದಂತೆ ಬಿರುಸಾಗಿತ್ತು. ಬಿಸಿಲು ಸ್ವಲ್ಪ ಏರಿ ಹುಲ್ಲಿನ ಬಿಳುಪು ಕರಗಿದ ಮೇಲೆ ಒಂದೊಂದಾಗಿ ತೆಗೆದೆವು. ಹನ್ನೆರಡು ಗಿಡ ಚೆನ್ನಾಗಿದ್ದವು. ಚಾದರಕ್ಕಿಂತ ಅಗಲವಾಗಿದ್ದ ಒಂದರ ಹೊರಗಿನ ನಾಲ್ಕು ಎಲೆ, ಗಾಳಿಗೆ ಪೆಟ್ಟಿಗೆ ಸರಿದಿದ್ದ ಇನ್ನೊಂದರ ಎಲ್ಲ ಎಲೆ ಗಾಜಿನಂತೆ ಪಾರದರ್ಶಕವಾಗಿ ಜೋತಿದ್ದವು. ಮೊಮ್ಮಗಳು ಅದನ್ನು ಕಿತ್ತು ಹಾಕೋಣವೆಂದಳು. ಸೊಸೆ ಒಪ್ಪಲಿಲ್ಲ. ಕೊಳೆತ ಭಾಗ ಒಣಗಿದ ಮೇಲೆ ಕತ್ತರಿಸಿ ಸುಮ್ಮನೆ ಬಿಟ್ಟಳು. ಬುಡದಲ್ಲಿ ಕಾದಿಟ್ಟ ಮೊಗ್ಗುಗಳಿರುತ್ತವೆ. ಮೂರು ವಾರದ ಮೇಲೆ ಅಲ್ಲಿಂದಲೇ ಐದು ಹೊಸ ಸುಳಿ ಎದ್ದವು. ತಾಳಿದವನು ಬಾಳಿಯಾನು ಎಂಬ ಮಾತು ಗಿಡಕ್ಕೂ ಸಲ್ಲುತ್ತದೆ.

ಗೊಂಡೆಹುಳುಗಳಿಗೂ ಹೋಸ್ಟಾ ಎಂದರೆ ಬಲು ಇಷ್ಟ. ಅಲ್ಲಿ ವಿಷದ ಗುಳಿಗೆ ಹಾಕುವ ರೂಢಿಯಿದೆ. ನಮ್ಮ ಸೊಸೆ ಅದನ್ನು ತರುವುದಿಲ್ಲ. ಸಂಜೆಗೆ ಬದಲು ಬೆಳಿಗ್ಗೆ ನೀರು ಹಾಕಿ, ರಾತ್ರಿ ಮೇಲ್ಮಣ್ಣು ಒಣಗಿರುವಂತೆ ನೋಡುತ್ತಾಳೆ. ಫ್ರಾಸ್ಟಿನ ಭಯ ಮುಗಿದ ಮೇಲೆ ಬುಡದ ಹಸಿ ಕಸವನ್ನೂ ತೆಗೆಯುತ್ತಾಳೆ. ಒಂದಿಷ್ಟು ಎಲೆಗೆ ತೂತು ಬಿದ್ದರೆ ಬೀಳಲಿ ಎನ್ನುತ್ತಾಳೆ.

ಮೇ ತಿಂಗಳಲ್ಲಿ ಒಂದು ಭಾನುವಾರ ಒಂದು ಬುಡವನ್ನು ಕುಂಡಕ್ಕೆ ಹಾಕಿಕೊಂಡು ನಾವೆಲ್ಲ ವೃದ್ಧಾಶ್ರಮಕ್ಕೆ ಹೋದೆವು. ಆ ತಾಯಿ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಎಲೆಯನ್ನು ತಿರುವಿ ತಿರುವಿ ನೋಡಿದರು. ಭಾಷೆ ಬಾರದ ನಮ್ಮ ಮನೆಯವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಚಳಿಯ ರಾತ್ರಿಯ ಸುದ್ದಿಯನ್ನು ಮೊಮ್ಮಗಳು ಕುರ್ಚಿಗಳ ಸಮೇತ ಹೇಳಿದಳು.

ಈಗ ಇಲ್ಲಿ ಸೋಲಾಪುರದ ಅಂಗಡಿಯಲ್ಲಿ ಕೂತಾಗ ನಮಗೆ ಅನಿಸುವುದಿಷ್ಟು. ನಮ್ಮ ಮನೆಗಳ ಚಿಗುರುಗಳೂ ದೂರದ ಮಣ್ಣಿನಲ್ಲಿ ಏಳುತ್ತಿವೆ. ಅಲ್ಲಿಯ ಹವೆ ನಮ್ಮ ಕೈಯಲ್ಲಿಲ್ಲ. ಬುಡ ಗಟ್ಟಿಯಿದೆಯೆಂದು ನಂಬಬಹುದು, ಚಳಿ ಬಿದ್ದ ರಾತ್ರಿ ಹೋಗಿ ಹೊದಿಸಬಹುದು, ಬೆಳಿಗ್ಗೆ ಮರೆಯದೆ ತೆಗೆಯಬೇಕು. ಹೊದಿಕೆ ತೆಗೆಯದಿದ್ದರೂ ಗಿಡ ಕೆಡುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮಕ್ಕಳ ಬಳಿ ಹೋಗುವ ಹಿರಿಯರು ಇದ್ದರೆ ಪೆಟ್ಟಿಗೆಯಲ್ಲಿ ಒಂದು ಚಾದರ ಹೆಚ್ಚಿಗೆ ಇಟ್ಟುಕೊಂಡು ಹೋಗಿರಿ.