ನಮ್ಮ ಕಡೆಯ ವಿಳಾಸ

ಕಂಪನಿ ನಮ್ಮಿಬ್ಬರನ್ನು ದುಬೈನಿಂದ ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಕಳುಹಿಸಿದಾಗ ನಮಗೆ ಮೊದಲು ಹಿಡಿಸಿದ್ದು ಅಲ್ಲಿನ ವಿಳಾಸ. ಮನೆ ನಂಬರು, ಜಾಲನ್ ಎಸ್‌ಎಸ್ 15/4, 47500. (ಎಸ್‌ಎಸ್ ಅಂದರೆ ಸುಂಗೈ ವೇ–ಸುಬಾಂಗ್.) ಅಷ್ಟಿದ್ದರೆ ಕಾಗದ ಬಾಗಿಲಿಗೇ ಬರುತ್ತದೆ. ಗಲ್ಫಿನ ಕಥೆ ನಿಮಗೆ ಗೊತ್ತೇ ಇದೆ. ಊರಿನ ಕಾಗದವೆಲ್ಲ ಕಂಪನಿಯ ಒಂದೇ ಪಿ.ಒ. ಬಾಕ್ಸಿಗೆ ಬಂದು ಬೀಳುತ್ತಿತ್ತು. ಆಫೀಸ್ ಬಾಯ್ ಹೆಸರು ನೋಡಿ ಹಂಚಬೇಕಿತ್ತು. ನಿಮ್ಮ ರೂಮಿನ ವೈಫೈ ರೂಟರ್ ಮಾಡುವುದೂ ಅದನ್ನೇ. ಒಳಗೆ ಒಬ್ಬೊಬ್ಬರ ಫೋನಿಗೆ 192.168ರಿಂದ ಶುರುವಾಗುವ ಬೇರೆ ಬೇರೆ ವಿಳಾಸ, ಹೊರಗಿನವರಿಗೆ ಕಾಣುವುದು ರೂಟರಿನದು ಒಂದೇ.

ನಮ್ಮ ಕೆಲಸ ಇಂಥ ವಿಳಾಸಗಳದ್ದೇ. ಎರಡು ಕಂಪ್ಯೂಟರ್ ಮಾತಾಡಬೇಕಾದರೆ ಎರಡೂ ಕಡೆ ಒಂದೊಂದು ತುದಿ ಬೇಕು. ನಮ್ಮ ಕಡೆಯದಕ್ಕೆ ಲೋಕಲ್ ಎಂಡ್‌ಪಾಯಿಂಟ್ ಎನ್ನುತ್ತಾರೆ. ಅದರಲ್ಲಿರುವುದು ಐಪಿ ವಿಳಾಸ ಮತ್ತು ಪೋರ್ಟ್ ನಂಬರು. ವಿಳಾಸ ಕಟ್ಟಡದ್ದಾದರೆ ಪೋರ್ಟ್ ಕೋಣೆಯದು, 65535ರವರೆಗೆ. ಕರೆ ಮಾಡುವವರಿಗೆ ಕಂಪ್ಯೂಟರೇ ಖಾಲಿ ಇರುವ ಒಂದನ್ನು ಕೊಡುತ್ತದೆ. ಕರೆಗೆ ಕಾಯುವವರು ಮಾತ್ರ ಗೊತ್ತಾದ ನಂಬರಿನಲ್ಲೇ ಕೂರಬೇಕು. ಇಲ್ಲದಿದ್ದರೆ ಹುಡುಕಿಕೊಂಡು ಬರುವುದು ಹೇಗೆ?

ಒಂದು ರಾತ್ರಿ ಹತ್ತು ಗಂಟೆಗೆ, ದುಬೈನಲ್ಲಿ ಸಂಜೆ ಆರು, ಅಲ್ಲಿಯ ಗೋದಾಮಿನಿಂದ ಫೋನು. ಬಿಲ್ ಪ್ರಿಂಟ್ ಆಗುತ್ತಿಲ್ಲ, ಲಾರಿಗಳು ಸಾಲಾಗಿ ನಿಂತಿವೆ. ಡ್ರೈವರುಗಳದ್ದು ಟ್ರಿಪ್ಪಿನ ಲೆಕ್ಕ. ಲಾರಿ ನಿಂತರೆ ಕಾಸಿಲ್ಲ. ಅವರಲ್ಲಿ ಮಂಗಳೂರು ಕಡೆಯವರೂ ಇದ್ದರು. ಒಬ್ಬರು ಫೋನು ತೆಗೆದುಕೊಂಡು, “ಎಂತ ಮಾರಾಯ್ರೇ, ಇವತ್ತು ಬಿಲ್ಲು ಉಂಟಾ ಇಲ್ವಾ?” ಎಂದರು.

ಬಿಲ್ಲಿನ ಸರ್ವರ್ ಇದ್ದದ್ದು ನಮ್ಮ ಸುಬಾಂಗ್ ಜಯಾ ಆಫೀಸಿನಲ್ಲಿ. ಹೊಸ ಪ್ರೋಗ್ರಾಂ ಅವತ್ತೇ ಹೊರಗಿನವರು ಬಂದು ಹಾಕಿ ಹೋಗಿದ್ದರು. ಅವರಿಗೆ ಫೋನು ಮಾಡಿದರೆ, “ಅದು ಓಡುತ್ತಿದೆಯಲ್ಲ!” ನಿಜ, ಓಡುತ್ತಿತ್ತು. ನೆಟ್‌ಸ್ಟ್ಯಾಟ್ ಕಮಾಂಡ್ ಕೊಟ್ಟು ನೋಡಿದೆವು. ಪೋರ್ಟ್ ಸರಿ ಇತ್ತು, ವಿಳಾಸ 127.0.0.1 ಎಂದಿತ್ತು. ಅದು ಪ್ರತಿ ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಅಲ್ಲಿ ಕೂತ ಪ್ರೋಗ್ರಾಂ ಒಳಗಿನವರಿಗಷ್ಟೇ ಓಗೊಡುತ್ತದೆ, ದುಬೈನಿಂದ ಎಷ್ಟು ಬಾಗಿಲು ಬಡಿದರೂ ಅದಕ್ಕೆ ಕೇಳಿಸದು.

0.0.0.0 ಎಂದು ಕೊಟ್ಟರೆ ಕಂಪ್ಯೂಟರಿನ ಎಲ್ಲ ವಿಳಾಸಗಳಲ್ಲೂ ಕೇಳಿಸಿಕೊಳ್ಳುತ್ತದೆ. ಅವಸರದಲ್ಲಿ ಅನೇಕರು ಮಾಡುವುದು ಅದೇ. ನಮಗೆ ಮಾತ್ರ ಅದು ಹಿತ್ತಿಲ ಬಾಗಿಲನ್ನೂ ತೆರೆದಿಟ್ಟು ಮಲಗಿದಂತೆ. ಕಂಪನಿಯ ಖಾಸಗಿ ಲೈನು ಬಂದು ಸೇರುವ ವಿಳಾಸವೊಂದನ್ನೇ ಬರೆದು ಪ್ರೋಗ್ರಾಂ ಮತ್ತೆ ಶುರು ಮಾಡಿದೆವು.

ಹತ್ತೂಮುಕ್ಕಾಲಿಗೆ ಗೋದಾಮಿನಲ್ಲಿ ಮೊದಲ ಬಿಲ್ಲು ಹೊರಬಂತು. ಫೋನು ಇಟ್ಟಿರಲಿಲ್ಲ, ಪ್ರಿಂಟರಿನ ಸದ್ದು, ಅದರ ಹಿಂದೆಯೇ ಲಾರಿಯ ಹಾರ್ನು ನಮಗೂ ಕೇಳಿಸಿತು.