ಅಪ್ಪನ ನಂಬರು

ಅಪ್ಪ ತೀರಿಕೊಂಡು ಎರಡೂವರೆ ವರ್ಷವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಮ್ಮನ ಮೊಬೈಲಿನಿಂದ ಅಪ್ಪನ ನಂಬರಿಗೆ ಫೋನ್ ಮಾಡಿದೆ. ತೆರೆಯ ಮೇಲೆ 'ಇವರು' ಎಂದು ಬಂತು. ಅಮ್ಮ ಯಾವತ್ತೂ ಅಪ್ಪನ ಹೆಸರು ಹಿಡಿದು ಕರೆದವಳಲ್ಲ, ಮೊಬೈಲಿನಲ್ಲೂ ಹಾಗೆಯೇ ಸೇವ್ ಮಾಡಿಕೊಂಡಿದ್ದಳು. ನಾಲ್ಕನೇ ರಿಂಗಿಗೆ ಯಾರೋ ಎತ್ತಿ "ಹಲೋ, ಯಾರ್ರೀ?" ಅಂದರು. ಪಶ್ಚಿಮ ಮಾಂಬಲಂನ ನಮ್ಮ ಮನೆಯಲ್ಲಿ ಊಟದ ಮೇಜಿನ ಆ ಬದಿಗೆ ಕೂತಿದ್ದ ಅಮ್ಮ ಉಸಿರು ಬಿಟ್ಟಿದ್ದು ಕೇಳಿಸಿತು. ಬೇರೆ ಯಾರ ದನಿ ಬರುತ್ತದೆ ಅಂದುಕೊಂಡಿದ್ದಳೋ, ನಾನು ಕೇಳಲಿಲ್ಲ.

ಆ 'ಯಾರ್ರೀ'ಯಲ್ಲೇ ಗೊತ್ತಾಯಿತು, ಮಾತಾಡುತ್ತಿರುವವರು ನಮ್ಮ ತೀರ್ಥಹಳ್ಳಿ ಕಡೆಯವರಲ್ಲ, ಬಯಲುಸೀಮೆಯವರು. ಕೊಪ್ಪಳದ ಹತ್ತಿರದ ಒಂದು ಹಳ್ಳಿ ಎಂದು ಆಮೇಲೆ ಹೇಳಿದರು. ನಾನು ಅವರಲ್ಲಿ ಕೇಳಬೇಕಿದ್ದದ್ದು ಇಷ್ಟೇ: ಇನ್ನೊಂದು ನಿಮಿಷದಲ್ಲಿ ನಿಮಗೆ ಒಂದು ಮೆಸೇಜ್ ಬರುತ್ತದೆ, ಅದರಲ್ಲಿ ಆರು ಅಂಕಿ ಇರುತ್ತದೆ, ಅದನ್ನು ನನಗೆ ಓದಿ ಹೇಳಿ. ಹೇಳಲು ಬಾಯಿ ತೆರೆದಾಗಲೇ ಹೊಳೆದದ್ದು, ಎರಡು ವಾರದ ಹಿಂದೆ ಅಮ್ಮನ ಖಾತೆ ಕದ್ದವನು ಕೇಳಿದ್ದೂ ಇದನ್ನೇ.

ಅವನು ಕೇಳಿದ್ದು ಅಮ್ಮನ ಗೆಳತಿಯೊಬ್ಬರ ಹೆಸರಿನಲ್ಲಿ. ಅವರ ಖಾತೆ ಅದಾಗಲೇ ಹೋಗಿತ್ತು. 'ಹಾಡಿನ ಸ್ಪರ್ಧೆಗೆ ಸೇರಿದ್ದೇನೆ, ನಿಮಗೊಂದು ಕೋಡ್ ಬರುತ್ತದೆ, ಕಳಿಸಿ, ಅದೇ ವೋಟು' ಎಂದು ಮೆಸೇಜ್ ಬಂತು. ಹಾಡು ಅಂದರೆ ಅಮ್ಮ ಇಲ್ಲವೆನ್ನುವುದುಂಟೇ? ಕಳಿಸಿದಳು. ಹತ್ತು ನಿಮಿಷದಲ್ಲಿ ಪಾಸ್‌ವರ್ಡ್, ಫೋನ್ ನಂಬರ್, ಇಮೇಲ್ ಮೂರೂ ಬದಲಾದವು. ನಮಗೆ ಹೇಳಲು ಅಮ್ಮನಿಗೆ ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅಮ್ಮನ ಹೆಸರಿನಲ್ಲಿ 'ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟು' ಎಂದು ಎಲ್ಲರಿಗೂ ಮೆಸೇಜ್ ಹೋಗಿ, ಮೈಸೂರಿನ ಸೋದರಳಿಯ ಎಂಟು ಸಾವಿರ ಕಳಿಸಿಯೂ ಆಗಿತ್ತು. ಅವನು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟದ್ದು ಮಾರನೇ ದಿನ. ಇಂಥದ್ದರಲ್ಲಿ ಮೊದಲ ಒಂದೆರಡು ಗಂಟೆಯೇ ಎಲ್ಲ. ಹಣ ಅಷ್ಟು ಹೊತ್ತಿಗೆ ಎಷ್ಟು ಖಾತೆ ದಾಟಿತ್ತೋ.

ಯಾವ ಜಾಲತಾಣ, ಯಾವ ಇಮೇಲ್ ಕಂಪನಿ ಎಂದು ಹೆಸರು ಹೇಳುವುದಿಲ್ಲ. ಬೀಗ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಥರದ್ದು.

ಆ ಖಾತೆಯಲ್ಲಿ ಏನಿತ್ತು ಎಂದು ಹೇಳದಿದ್ದರೆ ನಮ್ಮ ಒದ್ದಾಟ ನಿಮಗೆ ಅತಿ ಅನ್ನಿಸಬಹುದು. 2020ರ ಲಾಕ್‌ಡೌನಿನಲ್ಲಿ ದೊಡ್ಡಮ್ಮ ನಮ್ಮ ತೀರ್ಥಹಳ್ಳಿ ಮನೆಯಲ್ಲೇ ಉಳಿದುಬಿಟ್ಟಿದ್ದರು. ಅಕ್ಕತಂಗಿ ಸೇರಿ ಜಗಲಿಯಲ್ಲಿ ಕೂತು ಸಂಪ್ರದಾಯದ ಹಾಡುಗಳನ್ನು ಹೇಳತೊಡಗಿದರು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಮೊಬೈಲ್ ಹಿಡಿಯುವ ಕೆಲಸ ಅಪ್ಪನದು. ನಲವತ್ತಕ್ಕೂ ಹೆಚ್ಚು ವಿಡಿಯೊ ಆದವು. ಪ್ರತಿಯೊಂದರ ಶುರುವಿನಲ್ಲೂ ಕ್ಯಾಮೆರಾದ ಹಿಂದಿನಿಂದ "ಹ್ಞೂಂ, ಶುರು ಮಾಡಿ" ಎಂದು ಅಪ್ಪನ ದನಿ. ಆಮೇಲೆ 2022ರ ಮಳೆಗಾಲದಲ್ಲಿ ಅಪ್ಪ ಹೋದರು, ಮರುವರ್ಷ ದೊಡ್ಡಮ್ಮ. ಅಮ್ಮ ಮನೆಗೆ ಬೀಗ ಹಾಕಿ ಚೆನ್ನೈಗೆ ಬಂದಳು. ವಿಡಿಯೊಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅಲ್ಲೇ ಇದೆಯಲ್ಲ ಎಂಬ ಧೈರ್ಯ.

ಚೆನ್ನೈ ಕನ್ನಡಕ್ಕೆ ಹೊಸ ಊರೇನಲ್ಲ. ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಕೋಡಂಬಾಕಮ್ಮಿನ ಸ್ಟುಡಿಯೊಗಳಲ್ಲೇ ಒಂದು ಕಾಲಕ್ಕೆ ಕನ್ನಡ ಸಿನಿಮಾಗಳ ಬಹುಪಾಲು ತಯಾರಾಗುತ್ತಿತ್ತು. ರಾಜ್‌ಕುಮಾರ್ ಕುಟುಂಬ ವರ್ಷಗಟ್ಟಲೆ ಇದ್ದದ್ದು ಇಲ್ಲಿ, ಪುನೀತ್ ಹುಟ್ಟಿದ್ದೂ ಇಲ್ಲಿ. ಆದರೆ ಅರವತ್ತೆಂಟನೇ ವಯಸ್ಸಿಗೆ ಬಂದ ಅಮ್ಮನಿಗೆ ಅದರಿಂದ ಏನಾಗಬೇಕು? ತರಕಾರಿಯವನ ಹತ್ತಿರ ಬೆರಳು ತೋರಿಸಿ ವ್ಯಾಪಾರ, ಎದುರು ಮನೆಯ ಮಾಮಿಯ ಜೊತೆ ನಗುವಿನಲ್ಲಿ ಮಾತು. ಬಾಯ್ತುಂಬ ಕನ್ನಡ ಆಡಲು ಆ ಖಾತೆಯೊಂದೇ ಇತ್ತು. ಅಲ್ಲಿ ಹೊಸನಗರದಿಂದ ಒಬ್ಬರು, ಪುಣೆಯಿಂದ ಒಬ್ಬರು, "ಈ ಹಾಡಿನ ಮೂರನೇ ನುಡಿ ನಮ್ಮಲ್ಲಿ ಬೇರೆ ಥರ" ಎಂದು ಬರೆಯುತ್ತಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು.

ಖಾತೆ ನನ್ನದು ಎಂದು ತೋರಿಸಲು ಕಂಪನಿ ಮೊದಲು ಕೇಳಿದ್ದು ಗುರುತಿನ ಚೀಟಿ. ಖಾತೆಯಲ್ಲಿ ಅಮ್ಮನ ಹೆಸರು ಕನ್ನಡ ಅಕ್ಷರದಲ್ಲಿ 'ಗಿರಿಜಾ ತೀರ್ಥಹಳ್ಳಿ'. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ 'ಕೆ. ಗಿರಿಜಮ್ಮ'. ವಿಳಾಸ ಚೆನ್ನೈಗೆ ಬದಲಾಯಿಸಿದ ಮೇಲೆ ಪಕ್ಕದಲ್ಲಿದ್ದ ಕನ್ನಡ ಹೋಗಿ ತಮಿಳು ಬಂದಿತ್ತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿ "ಕಿರಿಜಮ್ಮ ಅಂತೆ" ಎಂದು ನಗುತ್ತಿದ್ದಳು. ಹೆಸರು ತಾಳೆಯಾಗುತ್ತಿಲ್ಲ ಎಂದು ಉತ್ತರ ಬಂತು. ಒಬ್ಬಳೇ ಹೆಂಗಸು, ಮೂರು ಕಡೆ ಮೂರು ಹೆಸರು. ಯಂತ್ರ ಒಪ್ಪದ್ದರಲ್ಲಿ ಅದರ ತಪ್ಪೇನೂ ಇಲ್ಲ.

ಮುಂದಿನದು ಮುಖ. ಕ್ಯಾಮೆರಾ ನೋಡಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಮೇಲೆ ನೋಡಿ. ಅಮ್ಮ ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದು ಕೂತಳು. ಮೂರನೇ ಸಲಕ್ಕೆ "ಹೆಣ್ಣು ನೋಡೋಕೆ ಬಂದವರೂ ಇಷ್ಟು ತಿರುಗಿಸಿರಲಿಲ್ಲ ಕಣೇ" ಅಂದಳು. ತಿರುಗಿಸಿ ಪ್ರಯೋಜನವಾಗಲಿಲ್ಲ. ಆ ಮುಖವನ್ನು ಹೋಲಿಸಿ ನೋಡಲು ಖಾತೆಯಲ್ಲಿ ಸರಿಯಾದ ಫೋಟೊ ಬೇಕು. ಅಮ್ಮ ಹಾಕಿಕೊಂಡಿದ್ದದ್ದು ತುಳಸಿಕಟ್ಟೆಯ ಫೋಟೊ.

ಕಾನೂನು ನಮ್ಮ ಕಡೆಗೇ ಇತ್ತು ಎನ್ನಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು, ದೂರು ಬಂದ 24 ಗಂಟೆಯಲ್ಲಿ ಮುಟ್ಟಿದೆ ಎಂದು ತಿಳಿಸಬೇಕು, ಆಗಿನ ಗಡುವಿನಂತೆ 15 ದಿನದಲ್ಲಿ ಇತ್ಯರ್ಥ ಮಾಡಬೇಕಿತ್ತು. ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಲು 2023ರಲ್ಲಿ ಕೇಂದ್ರ ಸರ್ಕಾರ ಮೂರು ಸಮಿತಿಗಳನ್ನೂ ಮಾಡಿದೆ. ಮೇಲ್ಮನವಿ ಆನ್‌ಲೈನಿನಲ್ಲೇ, ವಕೀಲರು ಬೇಡ. ಇದು ಎಷ್ಟು ಜನರಿಗೆ ಗೊತ್ತಿದೆಯೋ, ಅದಕ್ಕೇ ಬರೆದೆ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿನ ಅಪರಾಧ. ನಾವು ಸೈಬರ್ ಅಪರಾಧದ ಪೋರ್ಟಲಿನಲ್ಲಿ ದೂರು ದಾಖಲಿಸಿದೆವು, ಕಂಪನಿಗೂ ಬರೆದೆವು. ಕಂಪನಿಯಿಂದ ಬಂದ ಉತ್ತರದಲ್ಲಿ ಒಂದು ಲಿಂಕ್ ಇತ್ತು. ಒತ್ತಿದರೆ ಮತ್ತೆ ಅದೇ ಗುರುತಿನ ಚೀಟಿ ಕೇಳುವ ಪುಟ.

ರಿಚಿ ಸ್ಟ್ರೀಟಿನ ಮೊಬೈಲ್ ಅಂಗಡಿಯ ಹುಡುಗನೊಬ್ಬ ತಮಿಳಿನಲ್ಲಿ ಒಂದು ಒಳ್ಳೆಯ ಮಾತು ಹೇಳಿದ: "ದುಡ್ಡು ಕೊಟ್ಟರೆ ಖಾತೆ ಬಿಡಿಸಿ ಕೊಡ್ತೀನಿ ಅಂತ ಇಂಟರ್ನೆಟ್ಟಿನಲ್ಲಿ ಯಾರಾದ್ರೂ ಬಂದರೆ ಅವನು ಎರಡನೇ ಕಳ್ಳ, ಅಕ್ಕ." ನಾನು ಹಿಂದಿನ ರಾತ್ರಿಯಷ್ಟೇ ಅಂಥವನೊಬ್ಬನ ಜೊತೆ ಮೂರು ಸಾವಿರಕ್ಕೆ ಚೌಕಾಸಿ ಮಾಡಿದ್ದೆ. ಅವನಿಗೆ ಹೇಳಲಿಲ್ಲ.

ಉಳಿದದ್ದು ಹಳೆಯ ಇಮೇಲ್. ಯಾರಾದರೂ ಖಾತೆಯ ವಿಳಾಸ ಬದಲಿಸಿದರೆ ಹಳೆಯ ವಿಳಾಸಕ್ಕೆ 'ಇದು ನೀವಲ್ಲದಿದ್ದರೆ ಇಲ್ಲಿ ಒತ್ತಿ' ಎಂದು ಪತ್ರ ಹೋಗುತ್ತದೆ. ಅದು ಸಿಕ್ಕರೆ ದಾರಿ ತೆರೆಯಬಹುದು. ಆ ಇಮೇಲನ್ನು 2012ರಲ್ಲಿ ತೀರ್ಥಹಳ್ಳಿಯ ಸೈಬರ್ ಸೆಂಟರಿನಲ್ಲಿ ಮಾಡಿಸಿದ್ದು ಅಪ್ಪ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮರೆತರೆ ಕೋಡ್ ಹೋಗುವುದು ಅಪ್ಪನ ನಂಬರಿಗೆ.

ಅಪ್ಪ ಹೋದ ಮೇಲೆ ಆ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ಮಾಡಿಸಬೇಕು ಎಂದು ತೋಚಲೂ ಇಲ್ಲ. ರದ್ದಾದ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಹೊಸ ಗ್ರಾಹಕರಿಗೆ ಕೊಡಬಹುದು ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. 90 ದಿನ ಅಂದರೆ ವರ್ಷಾಂತಿಕವೂ ಆಗಿರುವುದಿಲ್ಲ. ಆ ಲೆಕ್ಕದಲ್ಲೇ ಅಪ್ಪನ ನಂಬರು ಕೊಪ್ಪಳ ಸೇರಿದ್ದು.

ಅವರಿಗೆ ಎಲ್ಲ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡು, "ತಂಗಿ, ತಪ್ಪು ತಿಳಕೋಬ್ಯಾಡ್ರಿ. ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನವ್ರು ಹೇಳ್ಯಾರ, ನನ್ನ ಮಗನೂ ಹೇಳ್ಯಾನ. ನೀವು ಖರೇನ ಹೇಳ್ತಿರಬಹುದು. ಆದ್ರ ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಅಂದರು.

ನನಗೆ ಸಿಟ್ಟು ಬಂತು. ಇನ್ನೂ ವಾದ ಮಾಡುವುದರಲ್ಲಿದ್ದೆ. ಅಮ್ಮ ಫೋನ್ ಕಸಿದುಕೊಂಡು, "ನೀವು ಹೇಳೋದು ಸರಿ ಇದೆ. ಕೊಡಬೇಡಿ. ನಾನು ಕೊಟ್ಟೇ ಹೀಗಾಗಿದ್ದು. ತಿಂಡಿ ಆಯ್ತಾ?" ಅಂದಳು.

ಅಲ್ಲಿಂದ ಮಾತು ಹತ್ತು ನಿಮಿಷ ನಡೆಯಿತು. ನಾನು ಬರೀ ಕೇಳಿದೆ. "ಯಜಮಾನ್ರ ಹೆಸರಿಗೆ ಇನ್ನೂ ಮೆಸೇಜ್ ಬರ್ತಾವ್ರಿ ಅಮ್ಮಾರ. ಗ್ಯಾಸಿಂದು, ಸೊಸೈಟಿಂದು. ಅಡಕಿ ರೇಟ್ ಅಂತೂ ದಿನಾ ಬರ್ತೈತಿ. ನಮ್ಮ ಕಡೆ ಅಡಕಿನೂ ಇಲ್ಲ ಏನೂ ಇಲ್ಲ." ಅಮ್ಮ ನಕ್ಕಳು. ಆ ಎರಡು ವಾರದಲ್ಲಿ ಅದೇ ಮೊದಲು.

ಫೋನ್ ಇಟ್ಟ ಮೇಲೆ ನಾನು ಯೋಚಿಸುತ್ತಿದ್ದದ್ದು, ಆ ಮನುಷ್ಯನಿಗೆ ಅಮ್ಮ ಕಳ್ಳಿಯಲ್ಲ ಎಂದು ಹತ್ತು ನಿಮಿಷದ ಮಾತಿನಲ್ಲಿ ಗೊತ್ತಾಗಿತ್ತು. ಆದರೂ ಕೋಡ್ ಕೊಡಲಿಲ್ಲ, ಕೊಡಬಾರದಿತ್ತು ಕೂಡ. ಹೊಸನಗರದವರಿಗೆ, ಪುಣೆಯವರಿಗೆ ಅಮ್ಮನ ದನಿ ಕೇಳಿದರೆ ಸಾಕು, ಗುರುತು ಹಿಡಿಯುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಫೇಸ್‌ಬುಕ್‌ನಲ್ಲಿ ಒಂದು ಕಾಲಕ್ಕೆ ಅಂಥ ಏರ್ಪಾಡು ಇತ್ತು. 2013ರಿಂದ ನಂಬಿಕಸ್ಥ ಗೆಳೆಯರು ಮೂರರಿಂದ ಐವರನ್ನು ಮೊದಲೇ ಹೆಸರಿಸಿಟ್ಟರೆ, ಬೀಗ ಬಿದ್ದಾಗ ಅವರ ಮೂಲಕ ಕೋಡ್ ಪಡೆಯಬಹುದಿತ್ತು. 2022ರಲ್ಲಿ ಅದನ್ನು ತೆಗೆದುಹಾಕಿದರು. ದುರುಪಯೋಗಕ್ಕೆ ಅವಕಾಶವಿದ್ದಿರಬಹುದು. ಆದರೂ 'ಇವಳು ಇವಳೇ' ಎಂದು ಸಾಕ್ಷಿ ಹೇಳಲು ನಾಲ್ಕು ಜನರನ್ನು ಕರೆಯುವ ಪದ್ಧತಿ ನನಗಂತೂ ಸರಿ ಕಾಣುತ್ತದೆ. ಯಂತ್ರಕ್ಕೆ ಗೊತ್ತಿರುವುದು ನಂಬರು, ಫೋನು, ಎಲ್ಲಿ ಕೂತು ಬಳಸುತ್ತಿದ್ದೆವು ಎಂಬ ಜಾಗ.

ಆ ಜಾಗ ಅಂದಾಗಲೇ ನೆನಪಾಗಿದ್ದು, ಅಮ್ಮನ ಹಳೆಯ ಫೋನ್. ತೀರ್ಥಹಳ್ಳಿ ಮನೆಯ ಬೀರುವಿನಲ್ಲಿ ಸ್ಟೀಲ್ ಡಬ್ಬಿಯಲ್ಲಿತ್ತು, ಗಾಜು ಸೀಳಿದೆ ಎಂದು ಬಿಟ್ಟು ಬಂದಿದ್ದಳು. ಕೊರಿಯರ್ ಮಾಡಿಸಬಹುದಿತ್ತು. ಆದರೆ ಹಳೆಯ ಫೋನ್, ಹಳೆಯ ಜಾಗ ಎರಡೂ ಕೂಡಿದರೆ ಯಂತ್ರ ಬೇಗ ನಂಬುತ್ತದೆ ಎಂದು ಓದಿದ್ದೆ. ತಡಮಾಡುವುದೂ ಬೇಡವೆನ್ನಿಸಿತು. ಗೂಗಲ್ 2023ರ ಡಿಸೆಂಬರಿನಿಂದ ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸತೊಡಗಿದ್ದು ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಇಮೇಲನ್ನು ಮುಟ್ಟಿ ಒಂದೂವರೆ ವರ್ಷವಾಗಿತ್ತು. ಶುಕ್ರವಾರ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ಬಸ್ಸು.

ಮನೆ ತೆಗೆದರೆ ಜೇಡರ ಬಲೆ, ಮುಗ್ಗಲು ವಾಸನೆ. ಅಮ್ಮ ಮೊದಲು ದೇವರ ಮುಂದೆ ದೀಪ ಹಚ್ಚಿದಳು, ನಾನು ಮೊದಲು ಫೋನಿಗೆ ಚಾರ್ಜರ್ ಸಿಕ್ಕಿಸಿದೆ. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ತೆರೆ ಬೆಳಗಿತು. ಪಕ್ಕದ ಮನೆಯವರ ವೈಫೈ ಹಾಕಿದ್ದೇ ಒಂದೂವರೆ ವರ್ಷದ ಮೆಸೇಜುಗಳು ಒಟ್ಟಿಗೆ ಬರತೊಡಗಿ ಫೋನು ಮೇಜಿನ ಮೇಲೆ ಗುರ್ರೆನ್ನುತ್ತಾ ಸರಿಯಿತು. ಇಮೇಲ್ ತೆರೆದೇ ಇತ್ತು, ಪಾಸ್‌ವರ್ಡ್ ಕೇಳಲಿಲ್ಲ. ಆ ಪತ್ರವೂ ಅಲ್ಲಿತ್ತು. ಒತ್ತಿದೆ. ಕೋಡ್ ಬಂದದ್ದೂ ಅದೇ ಇಮೇಲಿಗೆ. ಜಗಲಿಯಲ್ಲಿ ಕೂತು ಆರು ಅಂಕಿ ಹಾಕಿದ ಮೇಲೆ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಕಳ್ಳ ತುಳಸಿಕಟ್ಟೆ ತೆಗೆದು ಯಾವುದೋ ಕಾರಿನ ಫೋಟೊ ಹಾಕಿದ್ದ. ವಿಡಿಯೊಗಳಲ್ಲಿ ಒಂಬತ್ತು ಇರಲಿಲ್ಲ. ಏಕೆ ಒಂಬತ್ತು, ಏಕೆ ಅವೇ, ತಿಳಿಯಲಿಲ್ಲ. ಉಳಿದವನ್ನೆಲ್ಲ ಆ ರಾತ್ರಿಯೇ ಇಳಿಸಿ ಎರಡು ಪೆನ್‌ಡ್ರೈವಿಗೆ ಹಾಕಿದೆ. ಕಳ್ಳನೇ ಬರಬೇಕೆಂದೂ ಇಲ್ಲ: ಅದರ ಮುಂದಿನ ತಿಂಗಳು, 2025ರ ಫೆಬ್ರವರಿಯಲ್ಲಿ, ಫೇಸ್‌ಬುಕ್ ಲೈವ್ ವಿಡಿಯೊಗಳನ್ನು ಇನ್ನು 30 ದಿನ ಮಾತ್ರ ಇಡುವುದಾಗಿ ಪ್ರಕಟಿಸಿತು.

ಕಳೆದ ಒಂಬತ್ತರಲ್ಲಿ ಉರುಟಣೆ ಹಾಡೂ ಒಂದು. ಅದರ ನಡುವಿನ ಎರಡು ನುಡಿ ದೊಡ್ಡಮ್ಮನಿಗೆ ಮಾತ್ರ ಬರುತ್ತಿತ್ತು. ಅಮ್ಮ ಒಲೆಯ ಮುಂದೆ ನಿಂತು ನೆನಪು ಮಾಡಿಕೊಳ್ಳಲು ನೋಡಿದಳು, ಒಂದು ನುಡಿ ಬಂತು, ಇನ್ನೊಂದು ಬರಲಿಲ್ಲ.

ಇಮೇಲಿನಲ್ಲಿದ್ದ ಅಪ್ಪನ ನಂಬರನ್ನು ತೆಗೆದು ನನ್ನದನ್ನು ಹಾಕಿದೆ. ಅಮ್ಮನ ಮೊಬೈಲಿನಿಂದಲೂ ತೆಗೆಯಲೇ ಎಂದು ಕೇಳಿದ್ದಕ್ಕೆ "ಅದು ಇರಲಿ ಬಿಡು" ಅಂದಳು.

ಚೆನ್ನೈಗೆ ಮರಳಿ ಒಂದು ವಾರವಾಗಿರಬೇಕು. ಸಂಜೆ ಅಮ್ಮ ಹೂವು ಕಟ್ಟುತ್ತಿದ್ದಳು. ಮೊಬೈಲ್ ಹೊಡೆದುಕೊಂಡಿತು. ತೆರೆಯ ಮೇಲೆ 'ಇವರು'. ಅಮ್ಮ ಕೈಯಲ್ಲಿದ್ದ ಬಾಳೆನಾರನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು.

"ಸಿಕ್ತೇನ್ರೀ ಅಮ್ಮಾರ ನಿಮ್ಮ ಅಕೌಂಟು?"

"ಸಿಕ್ತು. ನೀವು ಕೊಡದೇ ಇದ್ದದ್ದು ಒಳ್ಳೇದೇ ಆಯ್ತು" ಅಂದಳು ಅಮ್ಮ. ಮಳೆ, ಮಗನ ಮದುವೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಅವರು, ಆ ಅಡಿಕೆ ಮೆಸೇಜು ನಿಲ್ಲಿಸುವುದು ಹೇಗೆ, ಮಗನಿಗೆ ಹೇಳಿ ನಿಲ್ಲಿಸಲೇ ಎಂದು ಕೇಳಿದರು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಲ್ಲಿಸಿ, ನಿಲ್ಲಿಸಿ" ಅಂದಳು. ಆಮೇಲೆ, "ಇವತ್ತಿಂದು ಬಂದಿದ್ಯಾ? ರಾಶಿ ಅಡಿಕೆ ಎಷ್ಟು ಅಂತ ಹಾಕಿದಾರೆ, ಒಂಚೂರು ನೋಡಿ."